ಮಾಯದ ಕಾಲು ಹುಣ್ಣು: ನಮ್ಮ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ ಸುತ್ತಮುತ್ತಲ ಡ್ರೆಸ್ಸಿಂಗ್ ಕೋಣೆಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನರ್ಸ್ ನಾನು. ಸೀರೆಯ ನೆರಿಗೆ ನಾಲ್ಕು ಬೆರಳು ಎತ್ತಿ, ಮುಖ ಆಚೆ ತಿರುಗಿಸಿ, "ಎರಡು ವರ್ಷ ಆತ್ರಿ ಸಿಸ್ಟರ್, ಮಾಯವಲ್ದು" ಅನ್ನುವವರನ್ನು ಎಷ್ಟು ಜನರನ್ನು ನೋಡಿದ್ದೇನೋ ಲೆಕ್ಕವಿಲ್ಲ. ಎರಡು ವರ್ಷ ನೋವು ತಿಂದಿರುತ್ತಾರೆ, ದುಡ್ಡು ಸುರಿದಿರುತ್ತಾರೆ. ಆದರೆ ಕಾಲಿಗೆ ಸರಿಯಾಗಿ ಒತ್ತಡದ ಪಟ್ಟಿ ಕಟ್ಟಿದವರೇ ಇರುವುದಿಲ್ಲ. ಅವರೆಲ್ಲ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಸಣ್ಣ ಗೀರು ಬಿದ್ದಿತ್ತು ಅಷ್ಟೇ. ಯಾಕೆ ಮಾಯುತ್ತಿಲ್ಲ?

ಗೀರು ಬರೀ ನೆಪ. ತೊಂದರೆ ಇರುವುದು ಒಳಗೆ, ರಕ್ತನಾಳದಲ್ಲಿ.

ಹೊಲಕ್ಕೆ ಪಂಪ್‌ಸೆಟ್ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾವಿಯೊಳಗೆ ಪೈಪಿನ ತುದಿಗೆ ಫುಟ್‌ವಾಲ್ವ್ ಇರುತ್ತದೆ, ಅಲ್ವಾ? ಮೇಲೆ ಏರಿದ ನೀರನ್ನು ಅದು ವಾಪಸ್ ಇಳಿಯಲು ಬಿಡುವುದಿಲ್ಲ. ಅದು ಸೋರಿದರೆ ಮೋಟಾರ್ ನಿಂತ ಕೂಡಲೇ ಪೈಪು ಖಾಲಿ. ನಮ್ಮ ಕಾಲಿನಲ್ಲೂ ಹಾಗೇ. ಪಾದದ ರಕ್ತ ಎದೆಯವರೆಗೆ ಏರಬೇಕು. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ಅದನ್ನು ಮೇಲೆ ತಳ್ಳುತ್ತದೆ. ಅದೇ ಮೋಟಾರ್. ರಕ್ತನಾಳದ ಉದ್ದಕ್ಕೂ ಇರುವ ಪುಟ್ಟ ಪುಟ್ಟ ಕವಾಟಗಳೇ ವಾಲ್ವ್. ಅವು ಕೆಟ್ಟರೆ ರಕ್ತ ಕೆಳಗೆ ನಿಲ್ಲುತ್ತದೆ, ಒತ್ತಡ ಏರುತ್ತದೆ. ನೀರು, ರಕ್ತಕಣ ಎಲ್ಲ ಚರ್ಮದೊಳಗೆ ಜಿನುಗುತ್ತವೆ. ಮೊದಲು ಸಂಜೆ ಹೊತ್ತು ಬಾವು ಬರುತ್ತದೆ. ಆಮೇಲೆ ಹರಡಿನ ಸುತ್ತ, ಅಂದರೆ ಪಾದದ ಮೇಲಿನ ಗಂಟಿನ ಸುತ್ತ, ಚರ್ಮ ಕಂದು ಬಣ್ಣಕ್ಕೆ ತಿರುಗುತ್ತದೆ. ತುರಿಕೆ ಶುರುವಾಗುತ್ತದೆ. ಕೊನೆಗೆ ಚರ್ಮ ಒಣ ತೊಗಲಿನ ಹಾಗೆ ಗಟ್ಟಿಯಾಗುತ್ತದೆ. ಅಂಥ ಚರ್ಮಕ್ಕೆ ಒಂದು ಮುಳ್ಳು ತಾಗಿದರೆ ಸಾಕು.

ನಿಂತು ಕೆಲಸ ಮಾಡಿದ್ದಕ್ಕೇ ಬಂತಾ?

ನಿಲ್ಲುವುದು ಒಂದು ಕಾರಣ, ಪೂರ್ತಿ ಕಾರಣವಲ್ಲ. ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ನಾಟಿ ಮಾಡುವ ಹೆಂಗಸರು, ಹೋಟೆಲಿನ ಭಟ್ಟರು, ಬಸ್ ಕಂಡಕ್ಟರು, ಬಳ್ಳಾರಿ ಜೀನ್ಸ್ ಘಟಕಗಳಲ್ಲಿ ಇಡೀ ದಿನ ಒಂದೇ ಕಡೆ ಇರುವವರು, ಇವರ ಕಾಲಿನ ಮೇಲೆ ಹೊರೆ ಜಾಸ್ತಿ. ಇದರ ಜೊತೆಗೆ ಮನೆತನದಲ್ಲಿ ಉಬ್ಬಿದ ನರ (ರಕ್ತವನ್ನು ಮೇಲೊಯ್ಯುವ ಈ ರಕ್ತನಾಳವನ್ನೇ ನಮ್ಮ ಕಡೆ ನರ ಅನ್ನುತ್ತೇವೆ) ಇರುವುದು, ನಾಲ್ಕೈದು ಹೆರಿಗೆ, ತೂಕ, ವಯಸ್ಸು ಎಲ್ಲ ಸೇರುತ್ತವೆ. ಹಿಂದೆ ಕಾಲು ಮುರಿದು ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿಸಿಕೊಂಡವರು, ಕಾಲಿನ ಒಳನರದಲ್ಲಿ ರಕ್ತ ಹೆಪ್ಪುಗಟ್ಟಿದವರು ಅದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು.

ಹಾಂ, ಮೇಲೆ ನರ ಉಬ್ಬಿ ಕಾಣದಿದ್ದರೂ ಈ ಹುಣ್ಣು ಬರಬಹುದು. ಕೆಟ್ಟಿರುವುದು ಒಳನರದ ಕವಾಟ ಇರಬಹುದು.

ಶುಗರ್ ಹುಣ್ಣು ಬೇರೆ, ಇದು ಬೇರೆಯಾ?

ಬೇರೆ. ಜಾಗ ನೋಡಿದರೆ ಅರ್ಧ ತಿಳಿಯುತ್ತದೆ. ನರದ ಹುಣ್ಣು ಹೆಚ್ಚಾಗಿ ಹರಡಿನ ಒಳಮಗ್ಗುಲಲ್ಲಿ, ಗಂಟಿಗಿಂತ ಸ್ವಲ್ಪ ಮೇಲೆ ಇರುತ್ತದೆ. ಆಳ ಕಡಿಮೆ, ಅಂಚು ಅಂಕುಡೊಂಕು, ರಸಿಗೆ ಜಾಸ್ತಿ. ಶುಗರ್ ಹುಣ್ಣು ಸಾಮಾನ್ಯವಾಗಿ ಅಂಗಾಲಿನಲ್ಲಿ ಅಥವಾ ಬೆರಳಿನಲ್ಲಿ ಆಗುತ್ತದೆ. ಅಲ್ಲಿ ನೋವೇ ಗೊತ್ತಾಗದಿರಬಹುದು. ಕುಷ್ಠದಿಂದ ಸ್ಪರ್ಶ ಹೋದ ಪಾದದ ಹುಣ್ಣೂ ಅಂಗಾಲಿನಲ್ಲೇ.

ಹೆದರಬೇಕಾದ್ದು ಇನ್ನೊಂದು ಬಗೆ. ಕಾಲಿಗೆ ಶುದ್ಧ ರಕ್ತ ಇಳಿಯುವ ನಾಳವೇ ಕಟ್ಟಿಕೊಂಡು ಆಗುವ ಹುಣ್ಣು. ಬೀಡಿ ಸೇದುವವರಲ್ಲಿ, ಶುಗರ್ ಇರುವವರಲ್ಲಿ ಇದನ್ನು ಮರೆಯಬಾರದು. ಪಾದ ತಣ್ಣಗಿರುತ್ತದೆ. ರಾತ್ರಿ ನೋವು ತಡೆಯಲಾಗದೆ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸುತ್ತದೆ. ನರದ ಹುಣ್ಣಿನಲ್ಲಿ ತದ್ವಿರುದ್ಧ, ಕಾಲು ಮೇಲೆತ್ತಿದರೆ ಹಾಯ್. ಎರಡರ ಚಿಕಿತ್ಸೆಯೂ ಬೇರೆ. ಶುದ್ಧ ರಕ್ತ ಬಾರದ ಕಾಲಿಗೆ ಬಿಗಿ ಪಟ್ಟಿ ಕಟ್ಟಿದರೆ ಕಾಲೇ ಹೋಗಬಹುದು.

ರಾಯಚೂರು ಕಡೆ ಆನೆಕಾಲು ರೋಗವೂ ಉಂಟು. ಬಾವೆಲ್ಲ ನರದ್ದೇ ಅಂದುಕೊಳ್ಳಬೇಡಿ.

ಹಾಗಾದರೆ ಮೊದಲು ಯಾವ ಪರೀಕ್ಷೆ?

ಕಾಲಿನ ಬಿಪಿ. ತೋಳಿನ ಬಿಪಿ ನೋಡುವ ಹಾಗೇ ಹರಡಿನ ಬಿಪಿಯನ್ನೂ ನೋಡುತ್ತಾರೆ. ಕೈಯಲ್ಲಿ ಹಿಡಿಯುವ ಪುಟ್ಟ ಡಾಪ್ಲರ್ ಯಂತ್ರ ಇಟ್ಟು ಸದ್ದು ಕೇಳುತ್ತಾರೆ. ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಿದರೆ ಎಬಿಪಿಐ ಸಿಗುತ್ತದೆ. 0.8ರಿಂದ 1.3ರ ಒಳಗಿದ್ದರೆ ಪೂರ್ತಿ ಒತ್ತಡದ ಪಟ್ಟಿ ಕಟ್ಟಬಹುದು. 0.5ರಿಂದ 0.8ರ ನಡುವೆ ಇದ್ದರೆ ಕಡಿಮೆ ಒತ್ತಡ, ಅದೂ ತಜ್ಞರ ಕಣ್ಣೆದುರಿಗೆ. 0.5ಕ್ಕಿಂತ ಕಡಿಮೆ ಇದ್ದರೆ ಕಟ್ಟಲೇಬಾರದು. ಶುಗರ್ ಇರುವವರಲ್ಲಿ ನಾಳ ಗಟ್ಟಿಯಾಗಿ ಅಂಕಿ ಸುಳ್ಳೇ ಜಾಸ್ತಿ ತೋರಿಸಬಹುದು. ಆಗ ಬೇರೆ ಪರೀಕ್ಷೆ ಬೇಕು.

ಆಮೇಲೆ ಕಲರ್ ಡಾಪ್ಲರ್ ಸ್ಕ್ಯಾನ್. ಯಾವ ನರದ ಕವಾಟ ಎಲ್ಲಿ ಸೋರುತ್ತಿದೆ ಎಂದು ಅದರಲ್ಲಿ ಕಾಣುತ್ತದೆ. ಜೊತೆಗೆ ಶುಗರ್, ಹಿಮೋಗ್ಲೋಬಿನ್ ನೋಡುತ್ತಾರೆ.

ಯಾವ ಮುಲಾಮು ಹಚ್ಚಿದರೆ ಬೇಗ ಮಾಯುತ್ತದೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ನನ್ನ ಉತ್ತರ ಕೇಳಿ ಎಷ್ಟೋ ಜನ ನಿರಾಸೆಯಿಂದ ನೋಡುತ್ತಾರೆ. ಈ ಹುಣ್ಣನ್ನು ಮಾಯಿಸುವುದು ಮುಲಾಮು ಅಲ್ಲ, ಒತ್ತಡ. ಹೊರಗಿನಿಂದ ಪಟ್ಟಿ ಒತ್ತಿ ಹಿಡಿದರೆ ಸೋರುವ ಕವಾಟದ ಕೆಲಸವನ್ನು ಪಟ್ಟಿ ಮಾಡುತ್ತದೆ. ಬಾವು ಇಳಿಯುತ್ತದೆ, ರಸಿಗೆ ನಿಲ್ಲುತ್ತದೆ, ಚರ್ಮಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಹರಡಿನ ಹತ್ತಿರ ಸುಮಾರು 40 ಮಿಲಿಮೀಟರ್ ಪಾದರಸದ ಒತ್ತಡ ಬೇಕು. ಮೇಲೆ ಹೋದಂತೆ ಅದು ಕಡಿಮೆಯಾಗಬೇಕು.

ಹುಣ್ಣಿನ ಮೇಲೆ ಅಂಟದಂಥ ಸಾದಾ ಡ್ರೆಸ್ಸಿಂಗ್ ಸಾಕು. ದುಬಾರಿ ಡ್ರೆಸ್ಸಿಂಗ್ ಹಾಕಿ ಪಟ್ಟಿ ಕಟ್ಟದಿದ್ದರೆ ದುಡ್ಡು ಹೋಗುತ್ತದೆ ಅಷ್ಟೇ. ನಿಯೋಮೈಸಿನ್ ಇರುವ ಮುಲಾಮುಗಳನ್ನು ತಿಂಗಳುಗಟ್ಟಲೆ ಹಚ್ಚಿದರೆ ಎಷ್ಟೋ ಜನಕ್ಕೆ ಅಲರ್ಜಿಯಾಗಿ ಸುತ್ತಲ ಚರ್ಮ ಕೆಂಪಾಗಿ ಸುಲಿಯುತ್ತದೆ. ಹುಣ್ಣು ಹರಡಿತು ಅಂತ ಇನ್ನಷ್ಟು ಅದನ್ನೇ ಹಚ್ಚುತ್ತಾರೆ.

ಅರಿಶಿನ, ಬೂದಿ, ಬೇವಿನ ರಸ?

ಬೇಡ. ದಯವಿಟ್ಟು ಬೇಡ. ಕಾಫಿ ಪುಡಿ, ಸುಣ್ಣ, ಮಾತ್ರೆ ಪುಡಿ ಮಾಡಿ ಉದುರಿಸುವುದು, ಯಾವುದೂ ಬೇಡ. ಅವನ್ನು ತೊಳೆದು ತೆಗೆಯುವಾಗ ಹೊಸದಾಗಿ ಬಂದ ಎಳೆ ಚರ್ಮವೂ ಕಿತ್ತು ಬರುತ್ತದೆ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಎಳೆ ಚರ್ಮವನ್ನು ಸುಡುತ್ತದೆ. ನೊರೆ ಬಂದರೆ ಹೊಲಸು ಹೋಯಿತು ಎಂದಲ್ಲ.

ಮನೆಯಲ್ಲಿ ಹೇಗೆ ತೊಳೆಯಬೇಕು?

ಕುದಿಸಿ ಆರಿಸಿದ ಉಗುರು ಬೆಚ್ಚಗಿನ ನೀರು ಸಾಕು. ಕಾಲುವೆ ನೀರು, ಹೊಂಡದ ನೀರು ಬಳಸಬೇಡಿ. ಒಂದು ಬಕೆಟ್ ಒಳಗೆ ಹೊಸ ಪ್ಲಾಸ್ಟಿಕ್ ಕವರ್ ಹರಡಿ, ಅದರಲ್ಲಿ ನೀರು ಹಾಕಿ ಕಾಲು ಇಡಿ. ಹಳೇ ಡ್ರೆಸ್ಸಿಂಗ್ ಅಂಟಿದ್ದರೆ ಎಳೆಯಬೇಡಿ, ನೆನೆಯಲು ಬಿಡಿ. ಸುತ್ತಲ ಸತ್ತ ಚರ್ಮದ ಪೊರೆಗಳನ್ನು ಮೆತ್ತಗಿನ ಬಟ್ಟೆಯಿಂದ ಒರೆಸಿ. ತಟ್ಟಿ ತಟ್ಟಿ ಒಣಗಿಸಿ. ಹುಣ್ಣು ಬಿಟ್ಟು ಉಳಿದ ಚರ್ಮಕ್ಕೆ ಬಿಳಿ ವ್ಯಾಸಲೀನ್ ಹಚ್ಚಿ. ಹತ್ತಿಯನ್ನು ಮಾತ್ರ ನೇರವಾಗಿ ಹುಣ್ಣಿನ ಮೇಲೆ ಇಡಬೇಡಿ, ಎಳೆ ಎಳೆಯಾಗಿ ಒಳಗೆ ಸಿಕ್ಕಿಕೊಳ್ಳುತ್ತದೆ.

ಕಟ್ಟಿದ ಪಟ್ಟಿ ವಾರಕ್ಕೊಮ್ಮೆ ಬಿಚ್ಚುವಂಥದ್ದಾದರೆ ಸ್ನಾನದ ಹೊತ್ತು ಕಾಲಿಗೆ ಕವರ್ ಕಟ್ಟಿಕೊಳ್ಳಿ.

ಪಟ್ಟಿ ಕಟ್ಟುವುದನ್ನು ಸ್ವಲ್ಪ ಬಿಡಿಸಿ ಹೇಳಿ.

ಮೊದಲ ಕೆಲವು ಸಲ ಕಲಿತವರ ಕೈಯಿಂದಲೇ ಕಟ್ಟಿಸಿ, ಪಕ್ಕದಲ್ಲಿ ಕೂತು ನೋಡಿ. ಬೆಳಿಗ್ಗೆ ಎದ್ದ ಕೂಡಲೇ, ಬಾವು ಇಲ್ಲದ ಹೊತ್ತಿನಲ್ಲಿ ಕಟ್ಟಬೇಕು. ಕಾಲ್ಗೆಜ್ಜೆ, ಚೈನು ತೆಗೆಯಿರಿ. ಕಾಲುಂಗುರ ಬಿಗಿಯಾಗಿದ್ದರೆ ಅದನ್ನೂ ತೆಗೆಯಿರಿ. "ಮುತ್ತೈದೆ ಕಾಲುಂಗುರ ತೆಗೆಯಬಾರದು" ಎಂದು ಅಳುಕುವ ಅಕ್ಕಂದಿರಿಗೆ ನಾನು ಅದನ್ನು ತಾಳಿ ಸರದಲ್ಲಿ ಪೋಣಿಸಿಕೊಳ್ಳಿ ಎನ್ನುತ್ತೇನೆ. ಮನಸ್ಸಿಗೂ ಸಮಾಧಾನ, ಬೆರಳಿಗೂ ಸಮಾಧಾನ.

ಪಾದವನ್ನು ಕಾಲಿಗೆ ನೇರ ಕೋನದಲ್ಲಿ ಹಿಡಿಯಬೇಕು. ಇಳಿಬಿಟ್ಟ ಪಾದಕ್ಕೆ ಕಟ್ಟಿದರೆ ನಡೆಯುವಾಗ ಮುಂದೆ ಮಡಿಕೆ ಬಿದ್ದು ಕೊಯ್ಯುತ್ತದೆ. ಡ್ರೆಸ್ಸಿಂಗ್ ಮೇಲೆ, ಮೊಣಕಾಲಿನವರೆಗೆ ಮೆತ್ತನೆ ಹತ್ತಿ ಪಟ್ಟಿ ಸುತ್ತಿ. ಮೊಣಕಾಲಿನ ಕೆಳಗೆ ಮುಂದುಗಡೆ ಇರುವ ಎಲುಬು ಮತ್ತು ಹರಡಿನ ಮೇಲೆ ಸ್ವಲ್ಪ ಜಾಸ್ತಿ ಇರಲಿ. ಆಮೇಲೆ ಒತ್ತಡದ ಪಟ್ಟಿ. ಬೆರಳಿನ ಬುಡದಿಂದ ಶುರು ಮಾಡಿ ಹಿಮ್ಮಡಿ ಪೂರ್ತಿ ಮುಚ್ಚಿ ಮೇಲೇರಬೇಕು. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧ ಭಾಗವನ್ನು ಮುಚ್ಚಬೇಕು. ಎಳೆತ ಎಲ್ಲ ಕಡೆ ಒಂದೇ ಸಮ ಇರಲಿ. ಹರಡಿಗಿಂತ ಮೀನಖಂಡ ದಪ್ಪ ಇರುವುದರಿಂದ ಮೇಲಿನ ಒತ್ತಡ ತಾನಾಗೇ ಕಡಿಮೆಯಾಗುತ್ತದೆ. ಮೊಣಕಾಲಿಗಿಂತ ಎರಡು ಬೆರಳು ಕೆಳಗೆ ನಿಲ್ಲಿಸಿ. ಹುಣ್ಣಿನ ಮೇಲೆ ಮಾತ್ರ ಒಂದು ಗೇಣು ಪಟ್ಟಿ ಸುತ್ತಿ ಬಿಡುವವರಿದ್ದಾರೆ. ಅದು ದಾರ ಕಟ್ಟಿದ ಹಾಗೆ, ಕೆಳಗೆ ಬಾವು ಇನ್ನೂ ಜಾಸ್ತಿಯಾಗುತ್ತದೆ.

ಒಂದೇ ಪದರ ಕ್ರೇಪ್ ಬ್ಯಾಂಡೇಜ್ ಕೆಲವೇ ಗಂಟೆಗಳಲ್ಲಿ ಸಡಿಲವಾಗುತ್ತದೆ. ಹಲವು ಪದರದ ಪಟ್ಟಿ ಅಥವಾ ಹೆಚ್ಚು ಹಿಗ್ಗದ ಗಟ್ಟಿ ಪಟ್ಟಿ ಒಳ್ಳೆಯದು. ಜರ್ಮನಿಯ ಚರ್ಮವೈದ್ಯ ಉನ್ನಾ 19ನೇ ಶತಮಾನದ ಕೊನೆಗೆ ಮಾಡಿದ ಸತುವಿನ ಪೇಸ್ಟ್ ಪಟ್ಟಿಯನ್ನು ಇವತ್ತಿಗೂ ಬಳಸುತ್ತಾರೆ.

ಕಟ್ಟಿದ ಅರ್ಧ ಗಂಟೆ ಬಿಟ್ಟು ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಬಿಳಿಚಿದ್ದು ತಕ್ಷಣ ಕೆಂಪಾಗಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ಏರುತ್ತಾ ಹೋದರೆ ಬಿಚ್ಚಿಬಿಡಿ. ನಾಳೆ ತೋರಿಸಿದರಾಯಿತು ಅಂತ ಕಾಯಬೇಡಿ. ಹೃದಯದ ತೊಂದರೆ ಇದ್ದು ಮಲಗಿದರೆ ದಮ್ಮು ಬರುವವರು ಡಾಕ್ಟರನ್ನು ಕೇಳದೆ ಪಟ್ಟಿ ಶುರು ಮಾಡಬಾರದು.

ಕೀವಿದೆ, ವಾಸನೆ ಇದೆ. ಆ್ಯಂಟಿಬಯೋಟಿಕ್ ಬೇಡವಾ?

ಹಳದಿ ಪೊರೆ, ರಸಿಗೆ, ಸ್ವಲ್ಪ ವಾಸನೆ ಇದ್ದ ಮಾತ್ರಕ್ಕೆ ಬೇಡ. ತೆರೆದ ಹುಣ್ಣಿನಲ್ಲಿ ಕ್ರಿಮಿ ಇದ್ದೇ ಇರುತ್ತವೆ. ಸುತ್ತಲ ಚರ್ಮ ಕೆಂಪಾಗಿ ಬಿಸಿಯಾಗಿ ಹರಡುತ್ತಿದ್ದರೆ, ಜ್ವರ, ಚಳಿ ಬಂದರೆ, ನೋವು ದಿಢೀರನೆ ಏರಿದರೆ ಬೇಕೇ ಬೇಕು. ಮೆಡಿಕಲ್ ಅಂಗಡಿಯಿಂದ ತಂದು ಐದು ದಿನ ನುಂಗಿ, ತಿಂಗಳು ಬಿಟ್ಟು ಮತ್ತೆ ನುಂಗುವ ರೂಢಿ ನಮ್ಮ ಕಡೆ ಬಹಳ. ಹುಣ್ಣು ಮಾಯುವುದಿಲ್ಲ. ನಿಜವಾಗಿ ಬೇಕಾದಾಗ ಆ ಔಷಧಿ ಕೆಲಸಕ್ಕೆ ಬಾರದೆ ಹೋಗುತ್ತದೆ.

ಹುಳ ಬಿದ್ದರೆ ಸೀಮೆಎಣ್ಣೆ, ಫಿನಾಯಿಲ್ ಸುರಿಯಬೇಡಿ. ಆಸ್ಪತ್ರೆಗೆ ಬನ್ನಿ. ನಾಚಿಕೆ ಬೇಡ, ನೊಣ ಯಾರ ಗಾಯದ ಮೇಲಾದರೂ ಕೂರುತ್ತದೆ. ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಅಂತಲೂ ಹೇಳಿ.

ಮೊಮ್ಮಕ್ಕಳಿಗೆ ಅಂಟುತ್ತಾ?

ಇಲ್ಲ. ಮಗುವನ್ನು ಎತ್ತಿಕೊಳ್ಳಿ, ಒಟ್ಟಿಗೆ ಕೂತು ಊಟ ಮಾಡಿ.

ಕೆಟ್ಟ ರಕ್ತ ತೆಗೆಸಿದರೆ, ಜಿಗಣೆ ಬಿಡಿಸಿದರೆ ಹೋಗುತ್ತದಾ?

ರಕ್ತ ಕೆಟ್ಟಿಲ್ಲ, ಮೇಲೇರಲಾಗದೆ ನಿಂತಿದೆ. ಬಾವಿಯಿಂದ ನಾಲ್ಕು ಕೊಡ ನೀರು ತೆಗೆದರೆ ಫುಟ್‌ವಾಲ್ವ್ ರಿಪೇರಿಯಾಗುತ್ತದಾ? ಜಿಗಣೆ ಕಡಿದ ಜಾಗದಲ್ಲಿ ರಕ್ತ ನಿಲ್ಲದೆ ಸುರಿಯಬಹುದು, ಸೋಂಕೂ ತಗಲಬಹುದು. ಶುಗರ್ ಇರುವವರು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಅದರ ಹತ್ತಿರ ಹೋಗಲೇಬಾರದು.

ನಂಜು ಅಂತ ಬದನೆಕಾಯಿ, ಶೇಂಗಾ, ಮೊಟ್ಟೆ ಎಲ್ಲ ಬಿಟ್ಟಿದ್ದೇನೆ. ಸರೀನಾ?

ಬಿಟ್ಟಿದ್ದನ್ನೆಲ್ಲ ಮತ್ತೆ ತಿನ್ನಿ. ಈ ಪಥ್ಯದಿಂದ ಸೊರಗಿದವರನ್ನು ನೋಡಿ ನನಗೆ ನಿಜವಾಗಿ ಸಂಕಟವಾಗಿದೆ. ರಸಿಗೆಯ ಜೊತೆ ದಿನವೂ ಪ್ರೋಟೀನ್ ಹರಿದು ಹೋಗುತ್ತಿರುತ್ತದೆ. ಹೊಸ ಚರ್ಮ ಬರಬೇಕಾದರೆ ಅದನ್ನು ತುಂಬಬೇಕು. ರೊಟ್ಟಿ ಜೊತೆ ಗಟ್ಟಿ ಬೇಳೆ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು. ಪುಂಡಿ ಪಲ್ಯ, ಪೇರಲ, ನೆಲ್ಲಿಕಾಯಿ ಒಳ್ಳೆಯದು. ಯಾವುದಾದರೂ ಪದಾರ್ಥ ತಿಂದರೆ ನಿಮಗೆ ಮೈ ತುರಿಸಿ ದದ್ದು ಏಳುತ್ತಿದ್ದರೆ ಅದೊಂದನ್ನು ಬಿಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ.

ನಡೆಯಬೇಕೋ, ಮಲಗಬೇಕೋ?

ಎರಡೂ ಬೇಕು. ಬೇಡವಾದ್ದು ಸುಮ್ನೆ ನಿಲ್ಲುವುದು ಮತ್ತು ಕಾಲು ಇಳಿಬಿಟ್ಟು ಕೂರುವುದು. ಪಟ್ಟಿ ಕಟ್ಟಿಕೊಂಡು ನಡೆಯಿರಿ, ಮೋಟಾರ್ ಓಡಲಿ. ನಡೆಯಲಾಗದವರು ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಒಂದು ಸಲಕ್ಕೆ ಹತ್ತು ಬಾರಿ. ದಿನಕ್ಕೆ ಮೂರು ನಾಲ್ಕು ಸಲ ಅರ್ಧ ಗಂಟೆ ಕಾಲನ್ನು ಎದೆಗಿಂತ ಮೇಲೆ ಇಟ್ಟು ಮಲಗಿ. ಸ್ಟೂಲ್ ಮೇಲೆ ಕಾಲಿಟ್ಟು ಕೂರುವುದು ಅಷ್ಟು ಎತ್ತರವಾಗುವುದಿಲ್ಲ. ರಾತ್ರಿ ಮಂಚದ ಪಾದದ ಕಡೆಯ ಕಾಲುಗಳಿಗೆ ಒಂದರ ಮೇಲೊಂದು ಎರಡೆರಡು ಇಟ್ಟಿಗೆ ಕೊಟ್ಟರೆ ಸುಮಾರು ಅರ್ಧ ಅಡಿ ಏರುತ್ತದೆ, ಅದು ಸಾಕು.

ನಾಟಿ ಹಂಗಾಮು. ಕೂಲಿ ಬಿಟ್ಟರೆ ಮನೆ ನಡೆಯಲ್ಲ.

ಗೊತ್ತು. ಮೂರು ತಿಂಗಳು ಮನೆಯಲ್ಲಿರಿ ಎಂದು ಹೇಳಿ ಕಳಿಸುವುದು ಸುಲಭ. ಆದರೆ ತೆರೆದ ಹುಣ್ಣಿನ ಕಾಲನ್ನು ಕೆಸರಿಗೆ ಇಳಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಗದ್ದೆ ನೀರಿನಲ್ಲಿ ಇಲಿಜ್ವರದ ಕ್ರಿಮಿಯೂ ಇರುತ್ತದೆ. ಮೇಸ್ತ್ರಿಗೆ ಹೇಳಿ ಸಸಿ ಕಟ್ಟು ಕಟ್ಟುವುದು, ಒಣ ಜಾಗದ ಕೆಲಸ ಕೇಳಿ. ಗಂಟೆಗೊಮ್ಮೆ ಬದುವಿನ ಮೇಲೆ ಐದು ಹತ್ತು ನಿಮಿಷ ಮಲಗಿ ಕಾಲನ್ನು ಮರಕ್ಕೆ ಆನಿಸಿ. ಅಷ್ಟು ಮಾಡಿದವರ ಹುಣ್ಣೂ ಮಾಯ್ದಿದ್ದನ್ನು ನೋಡಿದ್ದೇನೆ.

ಆಪರೇಷನ್ ಬೇಕಾಗುತ್ತದಾ?

ಮೇಲಿನ ನರದ ಕವಾಟ ಸೋರುತ್ತಿದ್ದರೆ ಆ ನರವನ್ನು ಮುಚ್ಚಿಸುವುದು ಒಳ್ಳೆಯದು. ಲೇಸರ್, ರೇಡಿಯೋ ತರಂಗದ ಶಾಖ, ನೊರೆ ಇಂಜೆಕ್ಷನ್, ಹಳೇ ಕಾಲದ ಶಸ್ತ್ರಚಿಕಿತ್ಸೆ ಹೀಗೆ ದಾರಿ ಹಲವು. ಹುಣ್ಣು ಮಾಯಲಿ, ಆಮೇಲೆ ನೋಡೋಣ ಎನ್ನುವುದು ಹಿಂದಿನ ಪದ್ಧತಿ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಇವ್ರಾ ಅಧ್ಯಯನದಲ್ಲಿ 450 ಜನರನ್ನು ನೋಡಿದರು. ಪಟ್ಟಿಯ ಜೊತೆಗೆ ಬೇಗನೆ ನರ ಮುಚ್ಚಿಸಿದವರಲ್ಲಿ ಅರ್ಧ ಜನರ ಹುಣ್ಣು 56 ದಿನಗಳೊಳಗೆ ಮಾಯಿತು. ತಡಮಾಡಿದ ಗುಂಪಿನಲ್ಲಿ ಅದಕ್ಕೆ 82 ದಿನ ಹಿಡಿಯಿತು. ಅದಕ್ಕೂ ಮೊದಲು 2004ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಪಟ್ಟಿ ಮಾತ್ರ ಕಟ್ಟಿದವರಲ್ಲಿ ವರ್ಷದೊಳಗೆ ನೂರಕ್ಕೆ 28 ಜನರಿಗೆ ಹುಣ್ಣು ಮರಳಿತು, ಆಪರೇಷನ್ನೂ ಆದವರಲ್ಲಿ 12 ಜನರಿಗೆ. ನರ ಮುಚ್ಚಿಸಿದರೂ ಪಟ್ಟಿ ತಪ್ಪುವುದಿಲ್ಲ, ಇದನ್ನು ನೆನಪಿಡಿ.

ಪೆಂಟಾಕ್ಸಿಫೈಲಿನ್ ಎಂಬ ಮಾತ್ರೆ ಪಟ್ಟಿಯ ಜೊತೆಗೆ ಸ್ವಲ್ಪ ನೆರವಾಗುತ್ತದೆ, ಡಾಕ್ಟರು ಬರೆದುಕೊಟ್ಟರೆ ತಗೊಳ್ಳಿ.

ಎಲ್ಲಿ ತೋರಿಸಬೇಕು? ಖರ್ಚು?

ಮೊದಲು ತಾಲೂಕು ಆಸ್ಪತ್ರೆಯ ಸರ್ಜನ್. ಅಲ್ಲಿಂದ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಎಲ್ಲರೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಿಮ್ಮ ಚಿಕಿತ್ಸೆ ಅದರಲ್ಲಿ ಬರುತ್ತದಾ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಎಷ್ಟು ದಿನಕ್ಕೆ ಮಾಯುತ್ತದೆ?

ಪಟ್ಟಿ ಸರಿಯಾಗಿದ್ದರೆ ಹೆಚ್ಚಿನವು ಮೂರರಿಂದ ಆರು ತಿಂಗಳಲ್ಲಿ. ದೊಡ್ಡ ಹುಣ್ಣು, ಹಳೇ ಹುಣ್ಣು ಇನ್ನೂ ತಡ. ಪ್ರತಿ ಭಾನುವಾರ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ದಿನವೂ ನೋಡುವ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಫೋಟೋದಲ್ಲಿ ಕಾಣುತ್ತದೆ. ನಾಲ್ಕು ವಾರಕ್ಕೆ ಏನೂ ಕುಗ್ಗದಿದ್ದರೆ ಪಟ್ಟಿಯನ್ನೂ ರೋಗವನ್ನೂ ಮತ್ತೆ ನೋಡಬೇಕು. ಮೂರು ತಿಂಗಳಾದರೂ ಹಾಗೇ ಇದ್ದರೆ, ಅಂಚು ದಪ್ಪಗೆ ಹೂಕೋಸಿನಂತೆ ಎದ್ದರೆ, ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು. ಹಳೇ ಹುಣ್ಣು ಅಪರೂಪಕ್ಕೆ ಕ್ಯಾನ್ಸರ್‌ಗೆ ತಿರುಗುತ್ತದೆ.

ಯಾವಾಗ ಓಡಿ ಬರಬೇಕು?

ಉಬ್ಬಿದ ನರ ಒಡೆದು ರಕ್ತ ಚಿಮ್ಮಿದರೆ ತಕ್ಷಣ ನೆಲಕ್ಕೆ ಮಲಗಿ, ಕಾಲು ಮೇಲೆತ್ತಿ, ಚೊಕ್ಕ ಬಟ್ಟೆಯಿಂದ ಅದೇ ಜಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ. ನಿಲ್ಲಬೇಡಿ, ಕೂರಬೇಡಿ. ಮೇಲೆ ಹಗ್ಗ ಕಟ್ಟಬೇಡಿ. 108ಕ್ಕೆ ಫೋನ್ ಮಾಡಿಸಿ. ಒಂದೇ ಕಾಲು ದಿಢೀರನೆ ಊದಿ ನೋಯತೊಡಗಿದರೆ ಅವತ್ತೇ ಬನ್ನಿ. ಅದರ ಜೊತೆ ಎದೆನೋವು, ಉಸಿರಾಟಕ್ಕೆ ಕಷ್ಟ ಆದರೆ ಒಂದು ಗಂಟೆಯೂ ತಡ ಬೇಡ.

ಮಾಯ್ದ ಮೇಲೆ ಸ್ಟಾಕಿಂಗ್ಸ್ ಯಾಕೆ? ಈ ಬಿಸಿಲಿಗೆ ಹೇಗೆ ಹಾಕುವುದು?

ಸ್ಟಾಕಿಂಗ್ಸ್ ಅಂದರೆ ಪಟ್ಟಿಯ ಹಾಗೇ ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ. ಚರ್ಮ ಕೂಡಿತು, ವಾಲ್ವ್ ಕೂಡಲಿಲ್ಲ. ಅದಕ್ಕೇ ಹಾಕಬೇಕು, ಜೀವಮಾನವಿಡೀ. ಸ್ಟಾಕಿಂಗ್ಸ್ ಬಿಟ್ಟವರೇ ಮತ್ತೆ ಅದೇ ಜಾಗದ ಹುಣ್ಣು ಹೊತ್ತು ಬರುವುದು. ಬೆಳಿಗ್ಗೆ ಬಾವು ಇಲ್ಲದಾಗ ಕಾಲಿನ ಅಳತೆ ಕೊಟ್ಟು, ಡಾಕ್ಟರು ಹೇಳಿದ ಕ್ಲಾಸ್‌ನದ್ದನ್ನೇ, ಅಂದರೆ ಅಷ್ಟೇ ಒತ್ತಡದ್ದನ್ನೇ ತಗೊಳ್ಳಿ. ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿ, ಮಲಗುವಾಗ ತೆಗೆಯಿರಿ.

ಏರಿಸುವುದೇ ಕಷ್ಟ ಎನ್ನುತ್ತಾರೆ. ಬೆರಳು ತೆರೆದಿರುವ ಬಗೆಯದ್ದಾದರೆ ಒಂದು ಉಪಾಯ ಇದೆ. ಪಾದಕ್ಕೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ. ಸ್ಟಾಕಿಂಗ್ಸನ್ನು ಹಿಮ್ಮಡಿವರೆಗೆ ಒಳಮಗ್ಗುಲು ಹೊರಗೆ ಮಾಡಿ ಏರಿಸಿ. ಜಾರಿಕೊಂಡು ಹೋಗುತ್ತದೆ. ಹಿಮ್ಮಡಿ ಕೂತ ಮೇಲೆ ಬೆರಳಿನ ಕಡೆಯಿಂದ ಕವರ್ ಎಳೆದು ತೆಗೆಯಿರಿ. ಕೈಗೆ ರಬ್ಬರ್ ಗ್ಲೌಸ್ ಇದ್ದರೆ ಹಿಡಿತ ಸಿಗುತ್ತದೆ.

40 ಡಿಗ್ರಿ ದಾಟುವ ರಾಯಚೂರಿನ ಏಪ್ರಿಲ್, ಮೇನಲ್ಲಿ ಕಷ್ಟವೇ, ಒಪ್ಪುತ್ತೇನೆ. ಆದರೆ ಬಿಸಿಲಿಗೆ ನರ ಇನ್ನೂ ಹಿಗ್ಗಿ ಬಾವು ಜಾಸ್ತಿಯಾಗುವ ಕಾಲವೂ ಅದೇ. ಹುಣ್ಣು ಪೂರ್ತಿ ಮಾಯ್ದಿದ್ದರೆ ಸ್ಟಾಕಿಂಗ್ಸ್ ಮೇಲೆಯೇ ಸ್ವಲ್ಪ ನೀರು ಚಿಮುಕಿಸಿ ಫ್ಯಾನ್ ಕೆಳಗೆ ಕೂರಿ, ತಂಪಾಗುತ್ತದೆ. ಎರಡು ಜೊತೆ ಇರಲಿ. ಕೈಯಲ್ಲೇ ತೊಳೆದು ನೆರಳಿನಲ್ಲಿ ಒಣಗಿಸಿ, ನಮ್ಮ ಬಿಸಿಲು ಎಲಾಸ್ಟಿಕ್ ತಿಂದುಬಿಡುತ್ತದೆ. ಸುಮಾರು ಆರು ತಿಂಗಳಿಗೆ ಬಿಗಿ ಹೋಗುತ್ತದೆ, ಆಗ ಹೊಸದು ತಗೊಳ್ಳಿ.

ಇನ್ನೊಂದು ಕಾಲಿಗೂ ಬರುತ್ತದಾ?

ಬರಬಹುದು. ಡಾಪ್ಲರ್ ಮಾಡಿಸುವಾಗ ಎರಡೂ ಕಾಲು ನೋಡಲು ಹೇಳಿ. ಆ ಕಾಲಿನಲ್ಲೂ ಸಂಜೆ ಬಾವು, ಹರಡಿನ ಹತ್ತಿರ ಕಂದು ಬಣ್ಣ ಕಂಡರೆ, ಹುಣ್ಣಾಗುವವರೆಗೆ ಕಾಯದೆ ಡಾಕ್ಟರಿಗೆ ತೋರಿಸಿ ಅದಕ್ಕೂ ಸ್ಟಾಕಿಂಗ್ಸ್ ಶುರು ಮಾಡಿ.